ತಾರೆಯರ ಬೆಲೆ, ಕಿರಿಯರ ಪಾಲು

ಏಳು ವರ್ಷಗಳ ಬಿಡುವಿನ ತರುವಾಯ ಮರುಜೀವ ಪಡೆದ ಹಾಕಿ ಇಂಡಿಯಾ ಲೀಗ್‌ಗೆ 2024ರ ಅಕ್ಟೋಬರಿನಲ್ಲಿ ಹರಾಜು ನಡೆಯಿತು. ಪುರುಷರ ಪ್ರತಿ ತಂಡದ ವೆಚ್ಚಕ್ಕೆ 4 ಕೋಟಿ ರೂಪಾಯಿಯ ಮಿತಿಯಿತ್ತು. ತಂಡದ 24 ಆಟಗಾರರಲ್ಲಿ ಕನಿಷ್ಠ ನಾಲ್ವರು ಕಿರಿಯರಿರಬೇಕಿತ್ತು. ಸಮನಾಗಿ ಹಂಚಿದರೆ ತಲಾ ಸುಮಾರು 16.67 ಲಕ್ಷ. ಆದರೆ ಸೂರ್ಮಾ ತಂಡವು ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ 78 ಲಕ್ಷ ತೆತ್ತಿತು. ಉಳಿದ 23 ಮಂದಿಗೆ ದಕ್ಕಬಹುದಾದ ಸರಾಸರಿ 14 ಲಕ್ಷಕ್ಕಿಳಿಯಿತು.

ಪ್ರತಿಭೆಗೆ ಹೆಚ್ಚಿನ ಬೆಲೆ ಸಲ್ಲುವುದನ್ನು ಅರ್ಥಶಾಸ್ತ್ರ ಓದಿದ ನಾನು ಆಕ್ಷೇಪಿಸಲಾರೆ. ವೆಚ್ಚದ ಮಿತಿಯೂ ಅಗತ್ಯವೇ. ಅದಿಲ್ಲದಿದ್ದರೆ ಹಣವಂತ ತಂಡ ಎಲ್ಲ ತಾರೆಯರನ್ನೂ ಬಾಚಿಕೊಂಡೀತು. ಆದರೆ ಮಿತಿಯೊಳಗೆ ಉಳಿತಾಯ ಮಾಡಬೇಕಾದ ಮಾಲೀಕ ಕತ್ತರಿ ಹಾಕುವುದು, ಚೌಕಾಸಿಯ ಬಲವಿಲ್ಲದ, ಇನ್ನೂ ಹೆಸರಾಗದ ಹುಡುಗನ ಪಾಲಿಗೆ. ಹರಾಜಿನ ಅತಿ ಕಡಿಮೆ ಮೂಲಬೆಲೆ 2 ಲಕ್ಷ. ಮೀಸಲಾತಿ ಅವನಿಗೆ ತಂಡದಲ್ಲಿ ಸ್ಥಾನ ಕೊಟ್ಟಿತೇ ಹೊರತು ನ್ಯಾಯವಾದ ಸಂಭಾವನೆಯ ಭರವಸೆಯನ್ನಲ್ಲ.

ಆಟವೋ, ನೌಕರಿಯೋ ಎಂದು ಕೊಡಗಿನ ಅಥವಾ ನಮ್ಮ ಹುಬ್ಬಳ್ಳಿಯ ಹುಡುಗ ನಿರ್ಧರಿಸುವುದು ಈ ವಯಸ್ಸಿನಲ್ಲೇ. ಆದ್ದರಿಂದ ಕಡ್ಡಾಯವಾದ ನಾಲ್ವರು ಕಿರಿಯರ ಸಂಭಾವನೆಯನ್ನು ಮಿತಿಯಿಂದ ಹೊರಗಿಟ್ಟು, ಲೀಗ್‌ನ ಸಾಮಾನ್ಯ ನಿಧಿಯಿಂದ ಕೊಡುವುದು ಯುಕ್ತ. ಎಂಟು ತಂಡಗಳ 32 ಕಿರಿಯರಿಗೆ ತಲಾ 10 ಲಕ್ಷವೆಂದರೂ ಆಗುವ ಖರ್ಚು 3.2 ಕೋಟಿ, ಒಂದು ತಂಡದ ಮಿತಿಗಿಂತಲೂ ಕಡಿಮೆ.