ಅಂಜನಾದ್ರಿ ಬುಡದ ಅಗ್ಗದ ಹಾಸಿಗೆ: ಕೇಳಿದ್ದೆಷ್ಟು, ನಿಜವೆಷ್ಟು

ಮಸ್ಕಿಯವರಿಗೆ ಮಲ್ಲಯ್ಯನ ಗುಡ್ಡವಿದೆ, ಮುದಗಲ್‌ನವರಿಗೆ ಕೋಟೆಯ ಗುಡ್ಡವಿದೆ. ಆದರೂ ನಮ್ಮ ಕಡೆ ಯಾರಾದರೂ ‘ಬೆಟ್ಟ ಹತ್ತಿ ಬಂದ್ವಿ’ ಅಂದರೆ ಅದು ಬಹುಮಟ್ಟಿಗೆ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯೇ. 575 ಮೆಟ್ಟಿಲು, ತುದಿಯಲ್ಲಿ ಹನುಮಪ್ಪ. ಬೆಟ್ಟದ ಸುತ್ತಲಿನ ಆನೆಗೊಂದಿ, ಹನುಮನಹಳ್ಳಿ, ಸಾಣಾಪುರಗಳಲ್ಲಿ ಈಗ ಹೋಮ್‌ಸ್ಟೇಗಳಿವೆ, ಕೋಣೆಯ ಬದಲು ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ಹಿಡಿಯುವ ಹಾಸ್ಟೆಲ್‌ಗಳೂ ಇವೆ. ಅವುಗಳ ಬಗ್ಗೆ ಊರ ಕಟ್ಟೆಯಲ್ಲಿ ಓಡಾಡುವ ಮಾತುಗಳಲ್ಲಿ ಕೆಲವು ಹಳಸಿವೆ, ಕೆಲವು ಹುಟ್ಟುವಾಗಲೇ ತಪ್ಪಾಗಿದ್ದವು.

“ಮುಂಜಾನೆ ಹೋಗಿ ಸಂಜಿಗೆ ಬರ್ತೀವಿ, ಅಲ್ಲಿ ಉಳಿಯೋದು ಯಾಕ?”

ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿ ಸೇರಿ ಅಲ್ಲಿಂದ ಆನೆಗೊಂದಿ ದಾರಿ ಹಿಡಿದರೆ ಒಂದೇ ದಿನದಲ್ಲಿ ಹೋಗಿಬರಬಹುದು, ಸುಳ್ಳಲ್ಲ. ಆದರೆ ಬಸ್ಸು ಬದಲಿಸುತ್ತ ಮೊದಲ ಮೆಟ್ಟಿಲು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಇದು ಬಂಡೆಯ ಬೆಟ್ಟ. ಹಗಲೆಲ್ಲ ಕಾದ ಕಲ್ಲು ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ರಾತ್ರಿಯಿಡೀ ಆರಿ ಅದು ತಣ್ಣಗಾಗುವುದು ನಸುಕಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ವಯಸ್ಸಾದ ಅವ್ವನನ್ನೋ ಸಣ್ಣ ಮಕ್ಕಳನ್ನೋ ಕರೆದೊಯ್ಯುವವರಿಗೆ ಇದು ಸಣ್ಣ ಮಾತಲ್ಲ. ಬುಡದಲ್ಲಿ ಹಾಸಿಗೆಗೆ ಕೊಡುವ ದುಡ್ಡು ಅಸಲಿಗೆ ನಸುಕಿನ ಆ ಎರಡು ತಾಸಿನ ಬಾಡಿಗೆ. ಆ ಎರಡು ತಾಸು ಬೇಡ ಅನ್ನುವವರು ಉಳಿಯಲೇಬೇಕೆಂದೇನೂ ಇಲ್ಲ.

“ಅಲ್ಲೆಲ್ಲಾ ಫಾರಿನ್ ಮಂದಿ, ಗಾಂಜಾ. ಸಂಸಾರಸ್ಥರು ಹೋಗೋ ಜಾಗ ಅಲ್ಲ.”

ಈ ಮಾತಿನ ಬೇರು ವಿರೂಪಾಪುರ ಗಡ್ಡೆಯಲ್ಲಿದೆ. ಹಂಪಿಯ ಎದುರು ದಂಡೆಯ ಆ ನಡುಗಡ್ಡೆ ವರ್ಷಗಟ್ಟಲೆ ವಿದೇಶಿ ಪ್ರವಾಸಿಗರ ಅಗ್ಗದ ಬಿಡಾರವಾಗಿತ್ತು. ಗುಡಿಸಲು, ತೂಗುಮಂಚ, ತಡರಾತ್ರಿಯ ಸಂಗೀತ ಎಲ್ಲ ಇತ್ತು. ಹೆಸರು ಕೆಟ್ಟದ್ದಕ್ಕೆ ಕಾರಣವೂ ಇತ್ತು. ಆದರೆ ಅಲ್ಲಿನ ರೆಸಾರ್ಟುಗಳು ಬಿದ್ದದ್ದು ಮೋಜಿನ ಕಾರಣಕ್ಕಲ್ಲ. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದಾರೆ ಎಂಬುದು ಆಕ್ಷೇಪ. ಮೊಕದ್ದಮೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ಮುಟ್ಟಿತು. 2020ರ ಫೆಬ್ರುವರಿಯಲ್ಲಿ ಅಲ್ಲಿಯೂ ಮಾಲೀಕರು ಸೋತರು, ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಹೀಗಿದ್ದೂ ಜನ ಇವತ್ತಿಗೂ ಗಡ್ಡೆಯ ಹಳೆಯ ಫೋಟೊ ತೋರಿಸಿ ಇಡೀ ಆನೆಗೊಂದಿ ದಂಡೆಗೇ ತೀರ್ಪು ಕೊಡುತ್ತಾರೆ. ಈಗಿನ ಹಾಸ್ಟೆಲ್‌ಗಳಲ್ಲಿ ಬೆಂಗಳೂರು, ಹೈದರಾಬಾದಿನ ಹುಡುಗ ಹುಡುಗಿಯರ ಮಾತೇ ಹೆಚ್ಚು ಕಿವಿಗೆ ಬೀಳುತ್ತದೆ. ಗಡ್ಡೆಯ ಕಥೆಯಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ: ಬುಕ್ ಮಾಡುವ ಮುನ್ನ ಜಾಗಕ್ಕೆ ಪರವಾನಗಿ ಇದೆಯೇ ಎಂದು ಕೇಳುವುದು. ಹಾಗೆ ಕೇಳಿದರೆ ಮುಖ ಗಂಟಿಕ್ಕುವ ಮಾಲೀಕನ ಹತ್ತಿರ ಉಳಿಯದಿರುವುದೇ ಲೇಸು.

“ಹಾಸ್ಟೆಲ್ ಅಂದ್ಮೇಲೆ ಲಾಡ್ಜಿಗಿಂತ ಸೋವಿ.”

ಒಬ್ಬರಿಗಾದರೆ ಹೌದು. ನಾಲ್ವರ ಕುಟುಂಬ ನಾಲ್ಕು ಹಾಸಿಗೆ ಹಿಡಿದರೆ ಆ ದುಡ್ಡಿಗೆ ಎಷ್ಟೋ ಸಲ ಹೋಮ್‌ಸ್ಟೇಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಯೇ ಸಿಗುತ್ತದೆ. ಹಾಸ್ಟೆಲಿನ ಅಗ್ಗವೆಲ್ಲ ಹಂಚಿಕೊಳ್ಳುವುದರಲ್ಲಿದೆ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಎಲ್ಲರಿಗೂ ಅದೇ ಬಚ್ಚಲು, ಪೆಟ್ಟಿಗೆಗೆ ಬೀಗ ಬಹಳ ಕಡೆ ನಿಮ್ಮದೇ. 1912ರಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಮಾಸ್ತರರು ಆಲ್ಟೆನಾ ಕೋಟೆಯೊಳಗೆ ಮೊದಲ ಯೂತ್ ಹಾಸ್ಟೆಲ್ ತೆರೆದಾಗಲೂ ಲೆಕ್ಕ ಇದೇ ಆಗಿತ್ತು: ಊರೂರು ನಡೆದು ನೋಡುವ ಮಕ್ಕಳಿಗೆ ಒಂದು ರಾತ್ರಿಯ ಸೂರು. (ಕೋಟೆಯೊಳಗೆ ಹಾಸಿಗೆ ಹಾಕಿದರಂತೆ ಎಂದು ಓದಿದಾಗ ಮುದಗಲ್‌ನವರಿಗೆ ಹೊಟ್ಟೆಕಿಚ್ಚಾದರೆ ತಪ್ಪೇನಿಲ್ಲ.) ಹೆಣ್ಣುಮಕ್ಕಳಿಗೇ ಬೇರೆ ಡಾರ್ಮಿಟರಿ ಇದೆಯೇ ಎಂಬುದನ್ನು ಫೋನಿನಲ್ಲೇ ಕೇಳಿಕೊಳ್ಳಬೇಕು, ಫೋಟೊ ನೋಡಿದರೆ ಗೊತ್ತಾಗುವುದಿಲ್ಲ.

“ಹಂಪಿಯಲ್ಲಿ ರೂಮ್ ಮಾಡಿದ್ರಾತು, ಬೆಟ್ಟ ಎದುರಿಗೇ ಅದ.”

ಕಣ್ಣಿಗೆ ಎದುರಿಗಿದೆ, ನಡುವೆ ತುಂಗಭದ್ರೆ ಇದ್ದಾಳೆ. ದೋಣಿ ಸಂಜೆಗೆ ನಿಲ್ಲುತ್ತದೆ. ಜಲಾಶಯದಿಂದ ನೀರು ಬಿಟ್ಟರೆ ಹಗಲಲ್ಲೂ ಇಲ್ಲ. ಹಿಂದೆ ಆನೆಗೊಂದಿ ಬಳಿ ಕಟ್ಟುತ್ತಿದ್ದ ಸೇತುವೆ ಪರಂಪರೆ ತಾಣದ ತಕರಾರಿನಲ್ಲಿ ವರ್ಷಗಟ್ಟಲೆ ನಿಂತು, 2009ರಲ್ಲಿ ಕುಸಿದೇ ಹೋಯಿತು. ಈಗ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಇದೆ, ಸುತ್ತು ಹಾಕಿ ಬರಬೇಕು. ನಸುಕಿಗೆ ಹತ್ತುವ ಆಸೆ ಇದ್ದವರು ಬೆಟ್ಟದ ದಂಡೆಯಲ್ಲೇ ಮಲಗುವುದು ಜಾಣತನ.

“ಕ್ಲೈಂಬಿಂಗ್ ಅಂದ್ರ ನಮ್ಮ ಕೋತಿರಾಜನಂಗ ಗ್ವಾಡಿ ಏರೋದು.”

ಕೋತಿರಾಜ ಎನಿಸಿಕೊಂಡ ಚಿತ್ರದುರ್ಗದ ಜ್ಯೋತಿರಾಜ್ ಅವರದು ಬೇರೆಯದೇ ಸಾಹಸ. ಸಾಣಾಪುರಕ್ಕೆ ಬರುವವರು ಆಡುವುದು ಬೌಲ್ಡರಿಂಗ್: ಹಗ್ಗವಿಲ್ಲ, ಎತ್ತರ ಕಡಿಮೆ, ಕೆಳಗೆ ದಪ್ಪನೆಯ ಮೆತ್ತೆ. 2003ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಬಂಡೆಗಳನ್ನು ಹತ್ತಿದ ಚಿತ್ರ ‘ಪಿಲ್ಗ್ರಿಮೇಜ್’ ಬಂದಮೇಲೆ ಈ ಕಲ್ಲುಗಳು ಜಗತ್ತಿನ ಕಣ್ಣಿಗೆ ಬಿದ್ದವು. ಕೈಗೆ ಬೆವರಿಲ್ಲದ ನವೆಂಬರ್‌ನಿಂದ ಫೆಬ್ರುವರಿ ಇವರ ಸುಗ್ಗಿ. ಸ್ಮಾರಕವಿರುವ ಬಂಡೆಗೆ ಕೈ ಹಚ್ಚುವಂತಿಲ್ಲ.

“ನಮ್ಮ ಸೀಮಿನೇ, ರಾತ್ರಿ ಎಲ್ಲಿ ತಿರುಗಿದ್ರ ಏನಾತು?”

ಇಲ್ಲಿ ಮಾತ್ರ ತಮಾಷೆ ಸಲ್ಲದು. 2020ರ ನವೆಂಬರ್‌ನಲ್ಲಿ ಆನೆಗೊಂದಿಯ ದುರ್ಗಾ ಬೆಟ್ಟದಲ್ಲಿ ಯುವಕನೊಬ್ಬ ಚಿರತೆಗೆ ಬಲಿಯಾದ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ನದಿಗೆ ಹಾರಿದ ಹೈದರಾಬಾದಿನ ವೈದ್ಯೆ ಹೆಣವಾಗಿ ಸಿಕ್ಕರು. ಅದಾದ ಕೆಲವೇ ದಿನಕ್ಕೆ, ಮಾರ್ಚ್‌ನಲ್ಲಿ, ರಾತ್ರಿ ನಕ್ಷತ್ರ ನೋಡಲು ಕಾಲುವೆ ದಂಡೆಗೆ ಹೋಗಿದ್ದವರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ನೀರಿಗೆ ತಳ್ಳಲ್ಪಟ್ಟ ಪ್ರವಾಸಿಗರಲ್ಲಿ ಒಬ್ಬ ಬದುಕಲಿಲ್ಲ. ಆ ಕಾಲುವೆ ಸಿಂಧನೂರಿನ ಭತ್ತಕ್ಕೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯೇ. ಅದರ ಸೆಳೆತ ಎಂಥದ್ದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸ್ಟೆಲಿನವರು ‘ಕತ್ತಲಾದ ಮೇಲೆ ಹೊರಗೆ ಬೇಡ’ ಅಂದರೆ ಅದನ್ನು ಕಿರಿಕಿರಿ ಎಂದು ತಿಳಿಯಬಾರದು. ಹಾಗೆ ಹೇಳದ ಕಡೆ ನಾನಂತೂ ಹಾಸಿಗೆ ಹಿಡಿಯುವುದಿಲ್ಲ.

“ಯಾವಾಗ ಹೋದ್ರೂ ಜಾಗ ಸಿಗ್ತದ.”

ಮಾರ್ಗಶಿರದಲ್ಲಿ ಹನುಮ ಮಾಲಾಧಾರಿಗಳು ಮಾಲೆ ವಿಸರ್ಜನೆಗೆ ಬರುವ ದಿನಗಳಲ್ಲಿ ಸಿಗುವುದಿಲ್ಲ. ಡಿಸೆಂಬರ್ ಕೊನೆಯ ವಾರವೂ ಹಾಗೆಯೇ, ಆಗ ಬಾಡಿಗೆಯೂ ಏರಿರುತ್ತದೆ. ಉಳಿದಂತೆ ವಾರದ ನಡುವೆ ಹೋದರೆ ಮುಂಗಡವಿಲ್ಲದೆಯೂ ನಡೆದೀತು. ಮನೆಮಂದಿಯೆಲ್ಲರ ಆಧಾರ್ ಕಾರ್ಡು ಮಾತ್ರ ಜೊತೆಗಿರಲಿ, ಗುರುತಿನ ಚೀಟಿ ನೋಡದೆ ಯಾರೂ ಒಳಗೆ ಸೇರಿಸುವುದಿಲ್ಲ.