ಸಮ ಬಲವಿದ್ದರೂ ಟಾಂಗಾ ಓಡುವುದು ಹೇಗೆ?

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಗೋಳಗುಮ್ಮಟ ನೋಡಲು ಬಂದವರನ್ನು ಕೂರಿಸಿಕೊಂಡು ಟಾಂಗಾಗಳು ಓಡಾಡುತ್ತವೆ. ನ್ಯೂಟನ್‌ನ ಮೂರನೆಯ ನಿಯಮ ಓದಿದ ವಿದ್ಯಾರ್ಥಿಗೆ ಅದನ್ನು ನೋಡಿದಾಗ ಒಂದು ಸಂಶಯ ಬರಲೇಬೇಕು. ಕುದುರೆ ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೋ, ಗಾಡಿಯೂ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೆ ಟಾಂಗಾ ನಿಂತ ಜಾಗ ಬಿಟ್ಟು ಕದಲುವುದು ಹೇಗೆ?

ಈ ಎರಡು ಬಲಗಳಲ್ಲಿ ಒಂದು ಬೀಳುವುದು ಗಾಡಿಯ ಮೇಲೆ, ಇನ್ನೊಂದು ಕುದುರೆಯ ಮೇಲೆ. ಒಂದೇ ವಸ್ತುವಿನ ಮೇಲೆ ಬಿದ್ದ ಬಲಗಳನ್ನು ಮಾತ್ರ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಆದ್ದರಿಂದ ಗಾಡಿಯ ಲೆಕ್ಕ ಬೇರೆ, ಕುದುರೆಯ ಲೆಕ್ಕ ಬೇರೆ.

ಗಾಡಿಯ ಲೆಕ್ಕ

ಜನರೂ ಸೇರಿ ಗಾಡಿಯ ದ್ರವ್ಯರಾಶಿ 400 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಕುದುರೆ 300 ನ್ಯೂಟನ್ ಬಲದಿಂದ ಎಳೆಯುತ್ತದೆ. ಗಾಲಿ, ಅಚ್ಚುಗಳ ಘರ್ಷಣೆ 100 ನ್ಯೂಟನ್ ತಡೆಯುತ್ತದೆ. ಉಳಿದದ್ದು 200 ನ್ಯೂಟನ್. ಅದನ್ನು 400ರಿಂದ ಭಾಗಿಸಿದರೆ 0.5. ಅಂದರೆ ಪ್ರತಿ ಸೆಕೆಂಡಿಗೂ ಗಾಡಿಯ ವೇಗ ಸೆಕೆಂಡಿಗೆ 0.5 ಮೀಟರ್‌ನಷ್ಟು ಏರುತ್ತದೆ. ಇದೇ ವೇಗೋತ್ಕರ್ಷ. 4 ಸೆಕೆಂಡಿನಲ್ಲಿ ವೇಗ ಸೆಕೆಂಡಿಗೆ 2 ಮೀಟರ್, ಅಂದರೆ ಗಂಟೆಗೆ 7.2 ಕಿಲೋಮೀಟರ್ ಆಗುತ್ತದೆ.

ದ್ರವ್ಯರಾಶಿ ಹೆಚ್ಚಿದರೆ ಅಷ್ಟೇ ವೇಗೋತ್ಕರ್ಷಕ್ಕೆ ಹೆಚ್ಚು ಬಲ ಬೇಕು. ಇದೇ ಊರಿನ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ಭಾರದ್ದು. ಅದನ್ನು ತರಲು 400 ಎತ್ತು, 10 ಆನೆ ಹೂಡಿದ್ದರು ಎಂದು ಹೇಳುತ್ತಾರೆ.

ಕುದುರೆಯ ಲೆಕ್ಕ

ಗಾಡಿ ಕುದುರೆಯನ್ನು 300 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಿದೆ. ಹಾಗಾದರೆ ಕುದುರೆಯನ್ನು ಮುಂದಕ್ಕೆ ನೂಕುವವರು ಯಾರು? ರಸ್ತೆ! ಕುದುರೆ ಗೊರಸು ಊರಿ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಅಷ್ಟೇ ಬಲದಿಂದ ಕುದುರೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳು 450 ನ್ಯೂಟನ್ ಇದ್ದರೆ ಕುದುರೆಯ ಪಾಲಿಗೆ 150 ಉಳಿಯುತ್ತದೆ. 300 ಕಿಲೋಗ್ರಾಂ ಕುದುರೆಗೆ ವೇಗೋತ್ಕರ್ಷ ಮತ್ತೆ ಅದೇ 0.5. ಕುದುರೆ, ಗಾಡಿ ಎರಡೂ ಒಟ್ಟಿಗೆ ಸಾಗಬೇಕಲ್ಲವೇ? ಲೆಕ್ಕ ತಾಳೆಯಾಯಿತು.

ಗಾಲಿಯಿರುವ ಕುರ್ಚಿಯ ಮೇಲೆ ಕುಳಿತು, ಕಾಲು ಮೇಲೆತ್ತಿ, ಗೋಡೆಯನ್ನು ಮೆಲ್ಲಗೆ ತಳ್ಳಿ ನೋಡಿ. ಹಿಂದಕ್ಕೆ ಸರಿಯುವವರು ನೀವೇ. ನೀವು ಗೋಡೆಯನ್ನು ತಳ್ಳಿದಾಗ ಗೋಡೆಯೂ ನಿಮ್ಮನ್ನು ತಳ್ಳಿತು.

ಘರ್ಷಣೆ ಬೇಕೋ ಬೇಡವೋ?

ಗೊರಸಿನ ಕೆಳಗೆ ಬೇಕು, ಅಚ್ಚಿನಲ್ಲಿ ಬೇಡ. ಮಳೆ ಬಿದ್ದು ರಸ್ತೆ ಜಾರಾದರೆ ಲಾಳ ಕಟ್ಟಿದ ಗೊರಸು ಹಿಡಿತ ತಪ್ಪುತ್ತದೆ. ಕುದುರೆ ಎಷ್ಟೇ ಬಲಶಾಲಿಯಾದರೂ ರಸ್ತೆ ತಿರುಗಿ ತಳ್ಳುವುದು ಕಡಿಮೆಯಾಗುತ್ತದೆ. ಅಚ್ಚಿನಲ್ಲಿ ಘರ್ಷಣೆ ಹೆಚ್ಚಿದರೆ ಕುದುರೆಯ ಶ್ರಮ ವ್ಯರ್ಥ. ಅದಕ್ಕೇ ಕೀಲೆಣ್ಣೆ ಹಾಕುವುದು.

ವೇಗ ಹಿಡಿದ ಮೇಲೆ

ಟಾಂಗಾ ಒಂದೇ ವೇಗದಲ್ಲಿ ಸಾಗುವಾಗ ಕುದುರೆಯ ಎಳೆತ 100 ನ್ಯೂಟನ್‌ಗೆ ಇಳಿದಿರುತ್ತದೆ, ತಡೆಯೂ 100. ಗಾಡಿಯ ಮೇಲೆ ಉಳಿಯುವ ಬಲ ಸೊನ್ನೆ, ಆದರೂ ಅದು ನಿಲ್ಲುವುದಿಲ್ಲ. ಓಡುವುದಕ್ಕೆ ಸದಾ ಹೆಚ್ಚುವರಿ ಬಲ ಬೇಕೆಂಬುದು ತಪ್ಪು ತಿಳಿವಳಿಕೆ. ಬಲ ಬೇಕಾಗುವುದು ವೇಗ ಅಥವಾ ದಿಕ್ಕು ಬದಲಾಗಲು. ಇದೇ ಜಡತ್ವದ ನಿಯಮ. ಲಗಾಮು ಜಗ್ಗಿ ಗಾಡಿ ಫಕ್ಕನೆ ನಿಲ್ಲಿಸಿದಾಗ ಕೂತವರು ಮುಂದಕ್ಕೆ ವಾಲುವುದೂ ಇದರಿಂದಲೇ: ಗಾಡಿ ನಿಂತರೂ ದೇಹ ಇನ್ನೂ ಮೊದಲಿನ ವೇಗದಲ್ಲೇ ಇರುತ್ತದೆ.

ಚಲನೆಯ ಯಾವುದೇ ಲೆಕ್ಕ ಎದುರಾದರೂ ಮೊದಲು ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದರ ಮೇಲೆ ಬೀಳುವ ಬಲಗಳಿಗೆ ಮಾತ್ರ ಬಾಣದ ಗುರುತು ಹಾಕಿ. ಅದು ಇತರ ವಸ್ತುಗಳ ಮೇಲೆ ಹಾಕುವ ಬಲ ಆ ಚಿತ್ರದಲ್ಲಿ ಬರಬಾರದು. ಈ ಅಭ್ಯಾಸಕ್ಕೆ ರೈಲು ಒಳ್ಳೆಯ ಪಾಠ. ಹಳಿ ಒದ್ದೆಯಾದಾಗ ಎಂಜಿನ್ ತನ್ನ ಚಕ್ರಗಳ ಮುಂದೆ ಮರಳು ಉದುರಿಸುತ್ತದೆ. ಏಕೆಂದು ಎಂಜಿನ್ನಿನ ಚಿತ್ರ ಬರೆದು, ಬಾಣ ಹಾಕಿ, ನೀವೇ ವಿವರಿಸಿ.