ಅಮಿನಿದಿವಿ: ದಕ್ಷಿಣ ಕನ್ನಡದಿಂದ ಕಳಚಿಕೊಂಡ ದ್ವೀಪಗಳು

ಅರಬ್ಬಿ ಸಮುದ್ರದ ಲಕ್ಷದ್ವೀಪಕ್ಕೂ ಕರ್ನಾಟಕಕ್ಕೂ ಒಂದು ಕಾಲದಲ್ಲಿ ಆಡಳಿತದ ನಂಟಿತ್ತು ಎಂಬುದು ಇಂದು ಹೆಚ್ಚಿನವರಿಗೆ ತಿಳಿದಿರಲಾರದು. ಲಕ್ಷದ್ವೀಪದ ಉತ್ತರ ಭಾಗದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರಾ ದ್ವೀಪಗಳು 1956ರವರೆಗೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇವುಗಳ ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ.

ಈ ನಂಟಿನ ಮೂಲ ಟಿಪ್ಪು ಸುಲ್ತಾನನ ಕಾಲದಲ್ಲಿದೆ. ದ್ವೀಪಸಮೂಹವು ಆಗ ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿತ್ತು. ಆ ಆಡಳಿತದಿಂದ ಬೇಸತ್ತ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳುವಂತೆ ಟಿಪ್ಪುವನ್ನು ಕೋರಿದರು. ಅರಕ್ಕಲ್ ಬೀಬಿಯೊಂದಿಗೆ ಮಾತುಕತೆಯಾಗಿ ಅಮಿನಿ ಗುಂಪು ಮೈಸೂರಿನ ಪಾಲಾಯಿತು. ಉಳಿದ ದ್ವೀಪಗಳು ಬೀಬಿಯ ಬಳಿಯೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪುವಿನ ಪಾಲು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಅರಕ್ಕಲ್ ಅಧೀನದ ದ್ವೀಪಗಳು ಮುಂದೆ ಮಲಬಾರ್ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟವು. ಹೀಗೆ ಒಂದೇ ಭಾಷೆ, ಒಂದೇ ಧರ್ಮದ ಜನ ಎರಡು ಜಿಲ್ಲಾಧಿಕಾರಿಗಳ ಕೈಕೆಳಗೆ ಹಂಚಿಹೋದರು.

ಜಿಲ್ಲಾಧಿಕಾರಿ ಕಡಲಾಚೆ, ದ್ವೀಪದಲ್ಲಿ ಅವರ ಪರವಾಗಿ ಮಣೆಗಾರ. ಆದರೆ ಜನರ ಬದುಕನ್ನು ನಿಜವಾಗಿ ಆಳುತ್ತಿದ್ದುದು ತೆಂಗಿನ ನಾರು. ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿ ಕರಾವಳಿಯಿಂದಲೇ ಬರಬೇಕು. ನಾರಿನ ಹುರಿಯನ್ನು ಸರ್ಕಾರವಲ್ಲದೆ ಬೇರಾರೂ ಕೊಳ್ಳುವಂತಿರಲಿಲ್ಲ. ಬೆಲೆ ಗೊತ್ತುಮಾಡುತ್ತಿದ್ದುದೂ ಸರ್ಕಾರವೇ, ಪ್ರತಿಯಾಗಿ ಅಕ್ಕಿ ಅಳೆದು ಕೊಡುತ್ತಿದ್ದುದೂ ಸರ್ಕಾರವೇ. ಪೇಟೆಯಲ್ಲಿ ಹುರಿಯ ಧಾರಣೆ ಏರಿದರೆ ಲಾಭ ಖಜಾನೆಗೆ. ಮುಂಗಾರಿನಲ್ಲಿ ಓಡಗಳ ಸಂಚಾರ ನಿಂತಾಗ ಕೂಡಿಟ್ಟ ಅಕ್ಕಿಯೇ ಗತಿ.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಈ ನಂಟನ್ನು ಕಡಿಯಿತು. ಬೀದರ್, ಭಾಲ್ಕಿ, ಔರಾದ್ ಪ್ರದೇಶವನ್ನು ಹೈದರಾಬಾದಿನಿಂದ ಮೈಸೂರಿಗೆ ತಂದ ಕಾಯಿದೆಯೂ ಇದೇ. ಕಾಸರಗೋಡು ತಾಲ್ಲೂಕು ಮತ್ತು ಅಮಿನಿದಿವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡವನ್ನು ಮಾತ್ರ ಅದು ಮೈಸೂರಿಗೆ ಕೊಟ್ಟಿತು. ಕಾಸರಗೋಡಿಗಾಗಿ ಚಳವಳಿ ನಡೆಯಿತು, ಮಹಾಜನ್ ಆಯೋಗ ಬಂತು. ದ್ವೀಪಗಳ ವಿಷಯದಲ್ಲಿ ಅಂಥ ಕೂಗು ಏಳಲಿಲ್ಲ. ಅಲ್ಲಿನವರ ನುಡಿ ಮಲಯಾಳದ ಒಂದು ರೂಪವಾದ್ದರಿಂದ ಅದು ಸಹಜವೂ ಹೌದು.

ಆ ವರ್ಷದ ನವೆಂಬರ್ 1ರಂದು ಎರಡೂ ಗುಂಪುಗಳು ಮಿನಿಕಾಯ್ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಕೋಯಿಕ್ಕೋಡ್‌ನಲ್ಲಿದ್ದ ಆಡಳಿತ ಕಚೇರಿ 1964ರಲ್ಲಿ ಕವರತ್ತಿಗೆ ಹೋಯಿತು. ಲಕ್ಷದ್ವೀಪ ಎಂಬ ಹೆಸರು ಬಂದುದು 1973ರಲ್ಲಿ. ಸುಮಾರು 32 ಚದರ ಕಿಲೋಮೀಟರ್ ನೆಲ, 2011ರ ಗಣತಿಯಂತೆ 64,473 ಜನ.

ಆಡಳಿತ ಹೋದರೂ ವ್ಯಾಪಾರ ಉಳಿಯಿತು. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ದಿನಸಿ, ಜಲ್ಲಿ, ಮರಳು ಇಂದಿಗೂ ದ್ವೀಪಗಳಿಗೆ ಹೋಗುತ್ತವೆ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ‘ಪರಳಿ’ ಎಂಬ ಅತಿವೇಗದ ಹಡಗು ಪ್ರಯಾಣಿಕರನ್ನು ಹೊತ್ತು ಸುಮಾರು 7 ಗಂಟೆಗಳಲ್ಲಿ ಇದೇ ಬಂದರನ್ನು ತಲುಪಿತ್ತು.